ಯಾವ ತಟ್ಟೆಗೆ ಮದ್ದು

ಆ ಭಾನುವಾರವೂ ಅಕ್ಕ ಎಂದಿನಂತೆ ಸಿರುಗುಪ್ಪದ ಗದ್ದೆಯಿಂದ ಟಿಫಿನ್ ಡಬ್ಬಿಯ ತುಂಬ ಕಳೆ ತಂದಳು. ಊರಿಗೆ ಊರೇ ಅದಿರಿನ ಹಿಂದೆ ಬಿದ್ದಿದ್ದ ಕಾಲ. ಕಳೆಯ ಹಿಂದೆ ಬಿದ್ದವಳು ಇಡೀ ಬಳ್ಳಾರಿಯಲ್ಲಿ ಅವಳೊಬ್ಬಳೇ.

ಅಕ್ಕ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಡಂ. ಆ ಕಳೆ, ಭತ್ತದ ನೀರಿನಲ್ಲಿ ಬೆಳೆಯುವ ಒಂದು ಜರೀಗಿಡ. ಒಮ್ಮೆ ಕಳೆ ಕೀಳುವ ಹೆಂಗಸರು ಇವಳೂ ಕೂಲಿಯವಳೇ ಎಂದುಕೊಂಡು ಸಾಲಿನಲ್ಲಿ ನಿಲ್ಲಿಸಿದರು. ಮಧ್ಯಾಹ್ನದವರೆಗೆ ಕಿತ್ತಳು, ಅವರ ರೊಟ್ಟಿಯನ್ನೂ ತಿಂದಳು. ಹೊರಡುವಾಗ ಕಳೆ ಕಟ್ಟಿಕೊಂಡದ್ದನ್ನು ಕಂಡು ಒಬ್ಬಾಕೆ, "ಎಮ್ಮಿ ಎಷ್ಟು ಅದಾವ ಯವ್ವಾ ನಿನಗ?" ಎಂದಳಂತೆ.

ಅದರ ಬೀಜಾಣುಗಳನ್ನು ಅಕ್ಕ ಮನೆಯಲ್ಲಿ ಗಾಜಿನ ತಟ್ಟೆಗಳಲ್ಲಿ ಬೆಳೆಸುತ್ತಿದ್ದಳು. ಮೊದಲು ಬಲಿತ ಸಸಿ ಸುತ್ತ ಏನನ್ನೋ ಒಸರಿಸಿ, ಉಳಿದವಕ್ಕೆಲ್ಲ ಗಂಡಾಗಿರೆಂದು ಅಪ್ಪಣೆ ಮಾಡುತ್ತದಂತೆ! ಗಂಡಾದದ್ದು ನಾಲಿಗೆಯ ಆಕಾರ, ಆಗದೆ ಉಳಿದದ್ದು ವೀಳ್ಯದೆಲೆಯ ಆಕಾರ. ಆ ಅಪ್ಪಣೆ ಕೇಳಿಸಿಕೊಳ್ಳುವ ಜೀನಿನ ಕಿವಿ ಮುಚ್ಚಿಸಲು ಅಕ್ಕ ಒಂದು ಮದ್ದು ಮಾಡುತ್ತಿದ್ದಳು.

"ಅದಕ್ಕ ಮದ್ದು ಬೇಕೇನ? ನಿಮ್ಮಪ್ಪಗ ಮೂವತ್ತು ವರ್ಷದಿಂದ ನನ್ನ ಮಾತು ಕೇಳಿಸಂಗಿಲ್ಲ," ಎಂದಳು ಅವ್ವ.

ಕುರುಗೋಡಿನಿಂದ ನಾಲ್ಕು ಲಾರಿಯ ಒಡೆಯನೊಬ್ಬ ಹೆಣ್ಣು ನೋಡಲು ಬಂದ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಅದಿರಿನ ಮ್ಯಾಲ ತಾಡಪತ್ರಿ ಹೊದಿಸ್ತೀರೇನ್ರಿ? ನನ್ನ ತಟ್ಟಿಯಾಗ ಕೆಂಪು ಧೂಳು ಬೀಳಾಕತ್ತೈತಿ." ಆತ ಅರ್ಧ ಉಪ್ಪಿಟ್ಟು ಬಿಟ್ಟು ಎದ್ದ. ವಾರದ ನಂತರ ಒಂದು ತಾಡಪತ್ರಿ ಬಂತು, ಜೊತೆಗೆ ಚೀಟಿ: "ಲಾರಿಗೆ ಆಗಂಗಿಲ್ರಿ. ನಿಮ್ಮ ಕಿಟಕಿಗೆ ಹೊದಿಸ್ರಿ."

ಸಸಿ ಎಣಿಸುವ ಕೆಲಸ ಮಾತ್ರ ನನ್ನದು. ನಾನು ಹತ್ತನೆಯ ತರಗತಿ ದಾಟದ ವಾಚು ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಆಯಿತು. ಆ ಭಾನುವಾರ ಸಂಜೆ ಅಕ್ಕ ಎರಡು ತಟ್ಟೆ ಇಟ್ಟಳು. ಒಂದಕ್ಕೆ ಕುಂಕುಮದ ಬೊಟ್ಟು, ಇನ್ನೊಂದಕ್ಕೆ ಅರಿಶಿನದ್ದು. ಒಂದಕ್ಕೆ ಮಾತ್ರ ಮದ್ದು.

"ಯಾವುದಕ್ಕಂತ ಹೇಳಿದ್ರ ಏನಾಗ್ತೈತಿ ಅಕ್ಕಾ?"

"ನೀ ನನ್ನ ತಮ್ಮ ಅದೀ ಲೇ. ನಾ ಗೆಲ್ಲಲಿ ಅಂತ ಮದ್ದಿನ ತಟ್ಟಿಯಾಗ ವೀಳ್ಯದೆಲಿ ಹೆಚ್ಚು ಎಣಸ್ತಿ."

"ಎಲ್ಲಿಯಾರ ಬರದಿಡು."

"ಬರದ್ರ ಹುಡುಕಿ ಓದ್ತಿ. ಎರಡು ವಾರ ತಡಿ. ಐದು ಸಲ ಕೆಟ್ಟೈತಿ. ಈ ಸಲ ಆತೋ ಇಲ್ಲೋ ನನಗೂ ಗೊತ್ತಾಗಬೇಕಾಗೈತಿ."

ಮರುದಿನ ಅವಳು ಕಾಲೇಜಿನ ಮೆಟ್ಟಿಲ ಮೇಲೆ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದಿನಕರ್ಮ ಮುಗಿದ ಮಾರನೆಯ ದಿನವೇ ಎಣಿಸುವ ದಿನ. ನಾನು ಎರಡೆರಡು ಸಲ ಎಣಿಸಿದೆ. ಕುಂಕುಮದ ತಟ್ಟೆಯಲ್ಲಿ ನಾಲ್ಕು ವೀಳ್ಯದೆಲೆ, ಅರಿಶಿನದ್ದರಲ್ಲಿ ಮೂವತ್ತೊಂದು.

ಅವಳ ಕಾಲೇಜಿನವರು ಬಂದು, ಮದ್ದು ಹಾಕಿದ್ದು ಯಾವುದಕ್ಕೆ ಎಂದು ಕೇಳಿದರು. ಅರಿಶಿನದ್ದಕ್ಕೇ ಎಂದು ಬಾಯಿಗೆ ಬಂದಿತ್ತು. ಗೊತ್ತಿಲ್ಲ ಎಂದೆ.

ಈಗಲೂ ಗೊತ್ತಿಲ್ಲ.