ಪುಕ್ಕಟೆ ಸಾಫ್ಟ್‌ವೇರಿನ ಮೇಲೆ ಅಧ್ಯಕ್ಷರ ಹೆಸರು

ನಿವೃತ್ತನಾದ ಗಣಿತದ ಪ್ರಾಧ್ಯಾಪಕನೊಬ್ಬ ಊರಿಗೆ ಪುಕ್ಕಟೆ ಸೇವೆ ಮಾಡಲು ಹೊರಟರೆ ಏನಾಗುತ್ತದೆ, ಊಹಿಸ್ರಿ ನೋಡೋಣ. ಹಾರ, ಶಾಲು ಅಂದಿರಾ? ತಪ್ಪು. ಬೈಗುಳ. ನಾನೂ ತಿರುಗಿ ಬೈದೆ ಅನ್ನಿ. ಚಿಕ್ಕೋಡಿಯಲ್ಲಿ ಆರಾಮ ಕೂತವನನ್ನು ಇಂಥವು ಹುಡುಕಿಕೊಂಡೇ ಬರುತ್ತವೆ.

ಶಿರಗುಪ್ಪಿ ಕಡೆಯ ಒಂದು ಕಬ್ಬು ಬೆಳೆಗಾರರ ಸಂಘಕ್ಕೆ ಪೈಥಾನಿನಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ಯಾರ ಕಬ್ಬು ಯಾವಾಗ ಕಡಿಯಬೇಕು ಎಂದು ಪಾಳಿ ಹಚ್ಚುವುದು ಅದರ ಕೆಲಸ. ಸಕ್ಕರೆ ಕಾರ್ಖಾನೆ ಶುರುವಾಗುವುದರೊಳಗೆ ಪಾಳಿ ಸಿದ್ಧವಾಗಬೇಕು. ಪಾಳಿ ತಡವಾದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ. ಸಂಘದ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಅದಕ್ಕೆ ಬೇಕಾದ್ದೆಲ್ಲ ಒಂದೇ ಗಂಟು ಕಟ್ಟಿ ಕೊಡುವುದಕ್ಕೆ ಪ್ಯಾಕೇಜ್ ಅನ್ನುತ್ತಾರೆ. ಅದನ್ನು ಕಟ್ಟುವುದರೊಳಗೆ ಒದರಿ ಒದರಿ ನನ್ನ ಗಂಟಲು ಹರಿಯಿತು.

೧. ಹಳೇ ಟೈರು

ನನ್ನ ಮನೆಯಲ್ಲಿ ಹೊಸ ಪೈಥಾನ್, ಸಂಘದಲ್ಲಿ ಹಳೆಯದು. ಪ್ರೋಗ್ರಾಂ ಅಲ್ಲಿ ಓಡಲಿಲ್ಲ. ಹೊಸದನ್ನೂ ಹಾಕಿಕೊಳ್ಳಿ ಎಂದು ಸಂಘದ ಸೆಕ್ರೆಟರಿಗೆ ಫೋನಿನಲ್ಲಿ ಹೇಳಿದೆ. ಅವರು ಹಳೆಯದನ್ನು ಕಿತ್ತುಹಾಕಿದರು. ಲಿನಕ್ಸಿನ ಅರ್ಧ ಸಂಸಾರ ಆ ಹಳೆಯದರ ಮೇಲೇ ನಡೆಯುತ್ತದೆ. ಪರದೆ ಕಪ್ಪಾಯಿತು.

"ಯಾಕ್ರಿ ತಗದ್ರಿ?" ಎಂದು ಒದರಿದೆ.

"ಹೊಸಾ ಟೈರ್ ಹಾಕೂ ಮುಂದ ಹಳೇದು ತಗೀಬೇಕಲ್ರಿ, ಸರ?"

"ತಗೀರಿ. ಟ್ರ್ಯಾಕ್ಟರ್ ಓಡಾಕತ್ತಾಗ ತಗೀತೀರೇನು?"

"ಓಡಾಕತ್ತೈತಿ ಅಂತ ಮೊದಲ ಹೇಳಬೇಕಿಲ್ಲೇನ್ರಿ" ಎಂದು ಅವರೇ ಸಿಟ್ಟಾಗಿ ಫೋನಿಟ್ಟರು.

೨. ಕಾಟಾದ ಲೆಕ್ಕ

ಎಲ್ಲ ಮತ್ತೆ ಹಾಕಿ ಓಡಿಸಿದ ಪ್ರೋಗ್ರಾಂನ 1.9ನೆಯ ಆವೃತ್ತಿಯಲ್ಲಿ ಒಂದು ತಪ್ಪಿತ್ತು. ತಿದ್ದಿ 1.10 ಕಳಿಸಿದೆ, ಒಂಬತ್ತಾದ ಮೇಲೆ ಹತ್ತು. ಮರುದಿನ ನೋಡಿದರೆ ಮತ್ತೆ 1.9 ಕೂತಿದೆ.

"ಹಳೇದ್ಯಾಕ ಹಾಕಿದ್ರಿ?"

"ನೀವ ಹಳೇದು ಕಳಿಸೀರಿ" ಎಂದರು ಸೆಕ್ರೆಟರಿ. "ನಮ್ಮ ತೂಕದ ಕಾಟಾದ ಮ್ಯಾಗ 1.9 ಟನ್ ಹೆಚ್ಚೋ, 1.10 ಟನ್ ಹೆಚ್ಚೋ?"

"1.9 ಹೆಚ್ಚು. ಆದ್ರ ಇದ್ರಾಗ 1.10 ಹೆಚ್ಚು."

"ಸರ, ನೀವು ಕಾಲೇಜಿನ್ಯಾಗ ಗಣಿತಾನ ಕಲಸ್ತಿದ್ರಿ, ಹೌದಲ್ರಿ?"

ಹಲ್ಲು ಕಡಿದು, ಅದಕ್ಕೇ 2.0 ಎಂದು ಹೆಸರು ಕೊಟ್ಟು ಕಳಿಸಿದೆ.

"ಈಗ ತೂಕ ಬಂತ ನೋಡ್ರಿ" ಎಂದರು.

೩. ಫ್ಯಾನಿನ ರೆಕ್ಕೆ

ಅಥಣಿ, ರಾಯಬಾಗದ ಶಾಖೆಗಳಿಗೂ ಪ್ಯಾಕೇಜ್ ತಾನಾಗಿ ಇಳಿಯಬೇಕಾದರೆ ಅದು ಲಿನಕ್ಸಿನ ಸಾರ್ವಜನಿಕ ಭಂಡಾರ ಸೇರಬೇಕು. ನಾನು ಬೇರೆಯವರು ಬರೆದ ಒಂದಷ್ಟು ಕೋಡ್ ಬಳಸಿದ್ದೆ. ಅದರ ಲೈಸೆನ್ಸು ಸರಳ: ಪುಕ್ಕಟೆ ಬಳಸಿ, ಬರೆದವರ ಹೆಸರು ಮಾತ್ರ ಅಳಿಸಬೇಡಿ.

ಸಂಘದ ಅಧ್ಯಕ್ಷರು ಆ ವಿದೇಶಿ ಹೆಸರುಗಳನ್ನು ಓದಿ ಕೆಂಡವಾದರು. "ಇವ್ರ್ಯಾರು? ಒಬ್ಬರರ ನಮ್ಮ ಮೆಂಬರ್ ಅದಾರೇನು? ಗುಡಿಗೆ ಫ್ಯಾನ್ ಕೊಟ್ರ ರೆಕ್ಕಿ ಮ್ಯಾಗ ಕೊಟ್ಟಾವನ ಹೆಸರ ಬರಸ್ತೀವಿ. ಇಲ್ಲೆ ಕಂಪ್ಯೂಟರ್ ಕೊಟ್ಟಾವ ನಾ."

ಸೆಕ್ರೆಟರಿ ನನಗೆ ಹೇಳದೆ ಎಲ್ಲ ಹೆಸರು ತೆಗೆದು ಅಧ್ಯಕ್ಷರದೊಂದೇ ಬರೆದು ಕಳಿಸಿದರು. ಭಂಡಾರದಲ್ಲಿ ಪರೀಕ್ಷೆ ಮಾಡುವವನು ಒಂದೇ ಸಾಲಿನಲ್ಲಿ ತಳ್ಳಿಹಾಕಿದ: ಬರೆದವರ ಹೆಸರು ಹಾಕುವವರೆಗೆ ಇಲ್ಲಿ ಜಾಗವಿಲ್ಲ.

ಅಧ್ಯಕ್ಷರು ಮೀಸೆ ಒರೆಸಿಕೊಂಡರು. "ಆಂವ ಯಾವ ತಾಲೂಕಿನಾಂವ? ಅಲ್ಲಿ ಎಮ್ಮೆಲ್ಲೆಗೆ ಫೋನ್ ಹಚ್ಚರಿ."

೪. ಜವಾಬ್ದಾರಿ

ಕಾರ್ಖಾನೆ ಶುರುವಾಗುವ ದಿನ ಹತ್ತಿರ ಬಂತು. ಭಂಡಾರ ಹಾಳಾಗಲಿ, ಕಚೇರಿಯಲ್ಲೇ ಓಡಿಸಿ ಪಾಳಿಯನ್ನು ಬೋರ್ಡಿಗೆ ಹಚ್ಚಿ ಎಂದರು ಅಧ್ಯಕ್ಷರು. ಅದರ ಪಕ್ಕ ಲೈಸೆನ್ಸೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬೇಕಂತೆ, ಮಂದಿ ಅಧ್ಯಕ್ಷರ ಹೆಸರು ಓದಲಿ ಎಂದು. ಸಿಟ್ಟಿನಲ್ಲಿ ನಾನೂ ಒಂದು ಅಕ್ಷರ ಬಿಡದೆ ಅನುವಾದಿಸಿದೆ. ಕೊನೆಯ ಷರತ್ತು ಹೀಗಿತ್ತು: "ಇದರಿಂದ ಏನೇ ನಷ್ಟವಾದರೂ ಮೇಲೆ ಹೆಸರಿರುವವರು ಜವಾಬ್ದಾರರಲ್ಲ."

ಸೆಕ್ರೆಟರಿ ನಾಟಿಯ ದಿನ, ತಿಂಗಳು ಅದಲುಬದಲು ತುಂಬಿದ್ದರು. ಪಾಳಿಯಲ್ಲಿ ಬಲಿತ ಕಬ್ಬು ಕೊನೆಗೆ ಹೋಯಿತು, ಎಳೆಯದು ಮೊದಲು ಬಂತು. ರೈತರು ಕಚೇರಿಗೆ ನುಗ್ಗಿದರು.

"ನಮ್ಮ ಕಬ್ಬ ಒಣಗಿದ್ರ ಇಂವ ಜವಾಬ್ದಾರ ಅಲ್ಲಂತ" ಎಂದು ಹಿರಿಯ ರೈತರೊಬ್ಬರು ಬೋರ್ಡು ಓದಿ ಹೇಳಿದರು. "ಮ್ಯಾಲ ಹೆಸರ ಬ್ಯಾರೆ ಹಾಕ್ಕೊಂಡಾನ. ಹೊರಗ ಬಾ ಲೇ."

ಒಳಗೆ ಅಧ್ಯಕ್ಷರು ನನ್ನ ಕೈ ಹಿಡಿದರು. "ಸರ, ನನ್ನ ಹೆಸರ ತಗೀರಿ. ಆ ಫಾರಿನ್ ಮಂದೀದ ಹಾಕ್ರಿ. ಅವ್ರೇನ ಇಲ್ಲೆ ಇಲೆಕ್ಷನ್ನಿಗೆ ನಿಂದ್ರಾವ್ರಲ್ಲ."

ಹಾಕಿದೆ. ದಿನ, ತಿಂಗಳು ತಿದ್ದಿದೆ. ಪಾಳಿ ಸರಿಯಾಯಿತು, ಕಾರ್ಖಾನೆ ಶುರುವಾಗುವ ಮೊದಲೇ ಭಂಡಾರದವನೂ ಒಪ್ಪಿದ. ಆದರೆ ಹೆಸರು ಅಳಿಸುವ ಅವಸರಕ್ಕೆ ಅಧ್ಯಕ್ಷರು ತಮ್ಮ ಕೈಯಿಂದಲೇ ಚೆಂಡುಹೂವಿನ ಮಾಲೆ ಕಿತ್ತು, ಕುಂಕುಮ ಒರೆಸಿ ಕಂಪ್ಯೂಟರ್ ಚಾಲೂ ಮಾಡಿಕೊಟ್ಟರಲ್ಲ, ಅದು ಯಾವತ್ತು ಗೊತ್ತೇನ್ರಿ? ಪೂಜೆ ಮಾಡಿದ ಯಂತ್ರವನ್ನು ಯಾರೂ ಮುಟ್ಟಕೂಡದೆಂದು ಬೆಳಿಗ್ಗೆ ಅವರೇ ತಾಕೀತು ಮಾಡಿದ್ದ ಆಯುಧಪೂಜೆಯ ದಿನ, ಖಂಡೇನವಮಿ.