ಉಪ್ಪಿನಕಾಯಿ ಜಾಡಿಯ ಕಲ್ಲು

ಕಲ್ಲು ಏನನ್ನೂ ಮರೆಯುವುದಿಲ್ಲ ಎಂದು ಲಿಂಗಸುಗೂರಿನ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೂವಿಜ್ಞಾನದ ಪಾಠ ಹೇಳಿದವನು ನಾನು. ಸಿಂಧನೂರಿಗೆಂದು ಬಸ್ ಹತ್ತಿ, ಏನೋ ಯೋಚನೆಯಲ್ಲಿ ಮಸ್ಕಿಯಲ್ಲೇ ಇಳಿದು ನಿಂತವನೂ ನಾನೇ.

ನನ್ನ ಹೆಮ್ಮೆಯ ಆಸ್ತಿಯೆಂದರೆ ಓದುವಾಗ ಗುರುಗಳು ಕೊಟ್ಟ ಮುಷ್ಟಿಗಾತ್ರದ ಕರಿಕಲ್ಲು. ಅದರ ನಡುವೆ ಹಸಿರು ಹರಳುಗಳ ಒಂದು ತುಣುಕು. ಜ್ವಾಲಾಮುಖಿ ಉಕ್ಕುವಾಗ ಭೂಮಿಯ ಒಳಪದರದಿಂದ ಕಿತ್ತುಕೊಂಡು ಬಂದದ್ದು. ಅಷ್ಟು ಆಳಕ್ಕೆ ಯಾರೂ ಇಳಿದು ನೋಡಿ ಬಂದಿಲ್ಲ. ಇಂಥ ಚೂರುಗಳೇ ಅಲ್ಲಿನ ಸುದ್ದಿ ಹೇಳಬೇಕು. ಬಿಸಿ ದ್ರವ ಸಂದುಗಳಿಗೆ ನುಗ್ಗಿ ಹಳೆಯ ಖನಿಜವನ್ನು ಕರಗಿಸಿತ್ತೇ, ಹೊಸದನ್ನು ಬೆಳೆಸಿತ್ತೇ, ಎಲ್ಲದರ ಗುರುತೂ ಹರಳಿನ ಅಂಚಿನಲ್ಲಿ ಉಳಿದಿರುತ್ತದೆ.

ಮಸ್ಕಿಯ ನಸೀಮಾ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಸಂಶೋಧಕಿ. ಆ ಕಲ್ಲನ್ನು ಕೊಯ್ದು ಪರೀಕ್ಷಿಸುತ್ತೇನೆಂದು ಮೊನ್ನೆ ಮನೆಗೆ ಬಂದಳು. ನೋಡಿದರೆ ಕಪಾಟಿನಲ್ಲಿ ಕಲ್ಲೇ ಇಲ್ಲ! ಮನೆ ತಲೆಕೆಳಗು ಮಾಡಿದೆ. ಕಡೆಗೆ ಹೆಂಡತಿ ಗಿರಿಜಾ ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿ, ಕಾಯಿ ತೇಲದಂತೆ ಒಳಗೆ ಹೇರಿದ್ದ ಕಲ್ಲನ್ನು ಎತ್ತಿ ತೋರಿಸಿದಳು. ಮೈತುಂಬ ಖಾರ, ಅರಿಶಿನ. ಇಷ್ಟು ವರ್ಷ ಆ ಉಪ್ಪಿನಕಾಯಿ ಚಪ್ಪರಿಸಿದವನು ಒಂದು ದಿನವೂ ಜಾಡಿಯೊಳಗೆ ಇಣುಕಿರಲಿಲ್ಲ.

“ಏನ್ ಮಾಡೀಬೇ! ಭೂಮಿ ಹೊಟ್ಯಾಗಿನ ಸಾಕ್ಷಿ ಅದು. ನಿನಗೇನ್ ತಿಳೀತೈತಿ ಅದರ ಬೆಲೆ!” ಎಂದು ನಸೀಮಾಳ ಮುಂದೆಯೇ ಕೂಗಾಡಿದೆ.

ಗಿರಿಜಾ ಕಲ್ಲನ್ನು ತೊಳೆದು ಸೆರಗಿನಿಂದ ಒರೆಸಿದಳು. “ಮದುವ್ಯಾದ ಮೊದಲ್ನೇ ತಿಂಗಳು ನನ್ನ ಕರಕೊಂಡು ಹೋಗಾಕ ತವರಿಗೆ, ತುರ್ವಿಹಾಳಕ್ಕ ಬಂದಾಗ, ನೀವ ನನ್ನ ಕೈಯಾಗ ಇಟ್ಟಿದ್ರಿ. ‘ಇದಕ್ಕಿಂತ ದೊಡ್ಡದು ನನ್ನ ಹತ್ರ ಏನೂ ಇಲ್ಲ, ಇದು ನಿನಗ’ ಅಂದಿದ್ರಿ. ಕಪಾಟಿನ್ಯಾಗ ಇಟ್ರ ಯಾರ್ ನೋಡ್ತಾರ್ರೀ? ದಿನಾ ನನ್ನ ಕೈ ಹೋಗೋ ಕಡೆ ಇಟ್ಟೀನಿ.”

ಆಗ ನಿಧಾನಕ್ಕೆ ನೆನಪಾಯಿತು: ಅವಳ ತವರಿನ ಪಡಸಾಲೆ, ಅವಳ ಹಸಿರು ಬಳೆ, ನನ್ನ ಹಸಿರು ಹರಳಿನ ಉದ್ದದ ಭಾಷಣ. ನಾಚಿಕೆಯಾಯಿತು. ಅವಳ ಮೇಲೆ ಅಕ್ಕರೆಯೂ ಉಕ್ಕಿತು.

“ಉಪ್ಪು ಖಾರ ಹತ್ತಿದ ಹೊರಗಿನ ಪದರ ಕೊಯ್ದು ತಗದ್ರ ಆತು ಸರ್, ಒಳಗ ಚಲೋ ಐತಿ,” ಎಂದ ನಸೀಮಾ ಗಿರಿಜಾಳ ಕಡೆ ತಿರುಗಿದಳು. “ಅಮ್ಮಾರ, ಒಂದು ಚೂರು ಕೊಡ್ತೀರೇನ್ರಿ?”

“ಅರ್ಧ ಒಯ್ಯವ್ವ. ಉಳಿದರ್ಧ ತಂದುಕೊಡು, ಕಾಯಿ ತೇಲ್ತಾವ.”

ತನ್ನ ಪುಸ್ತಕದಲ್ಲಿ ‘ಕಲ್ಲು ಕೊಟ್ಟವರ ಹೆಸರು’ ಎಂಬಲ್ಲಿ ನಸೀಮಾ ಗಿರಿಜಾಳ ಹೆಸರನ್ನೇ ಬರೆದುಕೊಂಡು ಹೋದಳು.

ಊಟಕ್ಕೆ ಕೂತಾಗ ಗಿರಿಜಾ ಅದೇ ಜಾಡಿಯ ಉಪ್ಪಿನಕಾಯಿ ಬಡಿಸಿದಳು. “ನಿನಗ ಹೇಳಿದ್ದು ಇನ್ನೇನಾರ ಮರ್ತೀನೇನು?” ಎಂದು ಮೆಲ್ಲಗೆ ಕೇಳಿದೆ.

“ಮೊದ್ಲ ಉಣ್ರಿ,” ಎಂದಳು. “ಅದು ಒಂದ ಊಟದಾಗ ಮುಗಿಯೂದಲ್ಲ.”