ಹತ್ತು ಗಂಟೆಯ ಚಹಾ ಮತ್ತು ನನ್ನ ಟ್ರಕ್ಕು

"ನನ್ನ ಟ್ರಕ್ಕನ್ನು ಕದಿಯೋ ಕಳ್ಳ ಇನ್ನೂ ಹುಟ್ಟಿಲ್ಲ!" ಎಂದು ನಾನು ಊಟದ ಮೇಜು ಗುದ್ದಿ ಘೋಷಿಸಿದೆ. ಬಟ್ಟಲಿನ ಮಿಸೊ ಸಾರು ತುಳುಕಿತು.

"ಹುಟ್ಟಿರ್ತಾನೆ ಬಿಡಿ. ನಮ್ಮನೆ ವಿಳಾಸ ಸಿಕ್ಕಿರಲ್ಲ, ಅಷ್ಟೆ," ಎಂದಳು ನನ್ನ ಹೆಂಡತಿ ಚಿನಾತ್ಸು, ಮೇಜು ಒರೆಸುತ್ತ.

ನನ್ನ ಟ್ರಕ್ಕು ಅಂದರೆ ಸಾಮಾನ್ಯದ್ದಲ್ಲ ಸ್ವಾಮಿ! ಹನ್ನೊಂದು ವರ್ಷ ಅದರ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ನಾನೇ ಕಟ್ಟಿದ್ದು. ನೆಲದಿಂದ ಒಂದಡಿ ಮೇಲೆತ್ತಿದ್ದೇನೆ. ಟೈರುಗಳು ನನ್ನ ಸೊಂಟಕ್ಕೆ ಬರುತ್ತವೆ. ಹೊಳೆ ದಾಟುವಾಗ ಉಸಿರಾಡಲು ಅದಕ್ಕೊಂದು ಕೊಳವೆ, ಕೆಸರಿನಲ್ಲಿ ಹೂತರೆ ಎಳೆಯಲು ಮುಂದೊಂದು ರಾಟೆ. ಇಷ್ಟು ವರ್ಷದಲ್ಲಿ ದಾಟಿದ ಹೊಳೆ ಮೂರು, ಮಿಕ್ಕ ದಿನವೆಲ್ಲ ಅಕ್ಕಿ ಮೂಟೆ ತಂದಿದ್ದೇ, ಅದು ಬೇರೆ ಮಾತು! ಆದರೆ ಅದು ಹೋದರೆ ನಾನು ಅತ್ತೇಬಿಡುತ್ತೇನೆ. ಐವತ್ತೆರಡು ದಾಟಿದವನಿಗೆ ಮತ್ತೆ ಹನ್ನೊಂದು ವರ್ಷ ಅಂಗಾತ ಮಲಗಲು ಬೆನ್ನೆಲ್ಲಿದೆ?

ಜಪಾನಿನ ನಗೊಯಾ ಪಕ್ಕದ ನಮ್ಮ ಊರಿನಲ್ಲಿ ಒಂದೇ ತಿಂಗಳಲ್ಲಿ ಇಂಥ ಎರಡು ಟ್ರಕ್ಕುಗಳು ಮಾಯವಾಗಿದ್ದವು. ಅದಕ್ಕೇ ಈ ಪ್ರತಿಜ್ಞೆ. ಸ್ಟೇರಿಂಗಿಗೆ ಕಬ್ಬಿಣದ ಅಡ್ಡಪಟ್ಟಿ ಬಂತು. ಚಕ್ರಕ್ಕೆ ಹಳದಿ ಬೀಗ ಬಂತು. ಎಂಜಿನ್ನಿಗೆ ಒಂದು ಗುಪ್ತ ಸ್ವಿಚ್ಚೂ ಬಂತು. ಅದನ್ನು ಎಷ್ಟು ಗುಪ್ತವಾಗಿ ಇಟ್ಟೆನೆಂದರೆ ಎರಡು ದಿನ ನನಗೇ ಸಿಗದೆ ಬಸ್ಸಿನಲ್ಲಿ ಕೆಲಸಕ್ಕೆ ಹೋದೆ! ಕೊನೆಗೆ ಬಂದದ್ದು ಸೈರನ್ನು.

ಆ ಸೈರನ್ನಿಗೆ ಮೈಯೆಲ್ಲ ಕಿವಿ. ಕಾಗೆ ಕೂತರೆ ಕೂಗಿತು, ಕಸದ ಗಾಡಿ ಹಾದರೆ ಕೂಗಿತು, ಎದುರು ಮನೆಯವರು ಹಾಸಿಗೆ ಕೊಡವಿದರೂ ಕೂಗಿತು. ಮೂರನೆಯ ದಿನ ಬೀದಿಯ ಸುತ್ತೋಲೆ ಹಲಗೆ ನಮ್ಮ ಬಾಗಿಲಿಗೆ ಬಂತು. ಮನೆಯಿಂದ ಮನೆಗೆ ಹೋಗುವ ಆ ಹಲಗೆಯಲ್ಲಿ ಓದಿದವರು ತಮ್ಮ ಮುದ್ರೆ ಒತ್ತಿ ಮುಂದಿನ ಮನೆಗೆ ದಾಟಿಸಬೇಕು. ಬೀದಿ ಸಂಘದ ಅಧ್ಯಕ್ಷೆ, ಎಂಬತ್ತರ ಕುವಾಬಾರ ಅಜ್ಜಿ, ಮುತ್ತಿನಂಥ ಅಕ್ಷರಗಳಲ್ಲಿ ಬರೆದಿದ್ದರು: "ಇತ್ತೀಚೆಗೆ ನಮ್ಮ ಬೀದಿ ಬಹಳ ಲವಲವಿಕೆಯಿಂದ ಕೂಡಿದೆ."

"ನೋಡಿದ್ಯಾ, ಹೊಗಳಿದಾರೆ!" ಎಂದೆ.

"ಹೊಗಳಿಕೆ ಅಲ್ಲರೀ, ಇದು ಮಂಗಳಾರತಿ! ಮನೆಮನೆಗೂ ಒಂದು ಡಬ್ಬ ಸಿಹಿ ತಗೊಂಡು ಹೋಗಿ, ತಲೆ ಬಗ್ಗಿಸಿ ಕ್ಷಮೆ ಕೇಳ್ಕೊಂಡು ಬನ್ನಿ."

"ನನ್ನ ಗಾಡಿಗೆ ನಾನು ಬೀಗ ಹಾಕಿದ್ದಕ್ಕೆ ನಾನ್ಯಾಕೆ ತಲೆ ಬಗ್ಗಿಸ್ಲಿ?"

"ಹನ್ನೊಂದು ವರ್ಷದಿಂದ ಆ ಅಜ್ಜಿಗೆ ಒಂದು ನಮಸ್ಕಾರ ಹೇಳಿದೀರಾ? ಯಾವಾಗ ನೋಡಿದ್ರೂ ಗಾಡಿ ಕೆಳಗೇ ಇರ್ತೀರಿ."

"ಕೆಳಗಿದ್ದವನು ಇನ್ನೆಷ್ಟು ಬಗ್ಗೋದು!" ಎಂದು ಗೆದ್ದವನಂತೆ ನಕ್ಕು, ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: "ಸೈರನ್ ಕೇಳಿಸಿದರೆ ಯಾರೂ ಗಮನ ಕೊಡಬೇಕಾಗಿಲ್ಲ. ಎಲ್ಲವೂ ನನ್ನ ನಿಯಂತ್ರಣದಲ್ಲಿದೆ. ಇಂತಿ, ಇಸೊಗಾಯ್." ಹನ್ನೆರಡು ಮನೆಗಳವರೂ ಓದಿ ಮುದ್ರೆ ಒತ್ತಿದರು. ಸಮಸ್ಯೆ ಬಗೆಹರಿಯಿತೆಂದು ನಾನು ಎದೆಯುಬ್ಬಿಸಿದೆ.

ಆ ಶನಿವಾರ ಬೆಳಿಗ್ಗೆ ನಾವಿಬ್ಬರೂ ಚಿನಾತ್ಸುವಿನ ಪುಟ್ಟ ಕಾರಿನಲ್ಲಿ ಅಂಗಡಿಗೆ ಹೋದೆವು. ಟ್ರಕ್ಕಿಗೆ ಇನ್ನೊಂದು ಸರಪಳಿ ತರಬೇಕಿತ್ತು. ವಾಪಸ್ಸು ಬರುವಾಗ ಎರಡು ಬೀದಿ ಆಚೆಯಿಂದಲೇ ಸೈರನ್ ಕೇಳಿಸಿತು.

"ಕಾಗೆ," ಎಂದೆ ನಾನು.

ಬೀದಿಗೆ ತಿರುಗಿದರೆ ಅಲ್ಲಿ ಜಾತ್ರೆ! ನನ್ನ ಟ್ರಕ್ಕು ಅಂಗಳ ಬಿಟ್ಟು ರಸ್ತೆಯ ನಡುವೆ ನಿಂತಿತ್ತು. ಹಳದಿ ಬೀಗ ಎರಡು ಹೋಳಾಗಿ ಬಿದ್ದಿತ್ತು. ಮುಂದೆ ವಾಹನ ಹೊರುವ ಲಾರಿ, ಅದರಿಂದ ಇಳಿದ ಉಕ್ಕಿನ ಹಗ್ಗ ಟ್ರಕ್ಕಿನ ಮೂತಿಗೆ ಸಿಕ್ಕಿಸಲಾಗಿತ್ತು. ಬೂದು ಬಣ್ಣದ ಕೆಲಸದ ಉಡುಪು, ಹೆಲ್ಮೆಟ್ಟು ತೊಟ್ಟ ಇಬ್ಬರು ಗಂಡಸರು ಬೋರಲು ಹಾಕಿದ ಬಿಯರ್ ಪೆಟ್ಟಿಗೆಗಳ ಮೇಲೆ ಕೂತು, ಬೆವರುತ್ತ ಚಹಾ ಕುಡಿಯುತ್ತಿದ್ದರು. ಸುತ್ತ ಇಡೀ ಬೀದಿ ನಿಂತಿತ್ತು. ಕುವಾಬಾರ ಅಜ್ಜಿಯ ಕೈಯಲ್ಲಿ ಕೆಟಲು. ಸೈರನ್ನು ಮಾತ್ರ ಎಲ್ಲರ ತಲೆಯ ಮೇಲೆ ಅರಚುತ್ತಲೇ ಇತ್ತು.

"ನಿಮ್ಮ ಕೆಲಸದವರು ಎಷ್ಟು ಸಂಭಾವಿತರಪ್ಪಾ!" ಅಜ್ಜಿ ಸೈರನ್ನಿಗಿಂತ ಜೋರಾಗಿ ಕೂಗಿದರು. "ಮೊದಲು ಹನ್ನೆರಡು ಮನೆಗೂ ಬಂದು, ತಲೆ ಬಗ್ಗಿಸಿ, 'ಸ್ವಲ್ಪ ಸದ್ದಾಗತ್ತೆ, ಕ್ಷಮಿಸಿ' ಅಂತ ಮನೆಗೊಂದು ಟವೆಲ್ ಕೊಟ್ಟು, ಆಮೇಲೆ ಬೀಗ ಕತ್ತರಿಸೋಕೆ ಕೂತ್ರು! ಹತ್ತು ಗಂಟೆ ಆಯ್ತು, ಚಹಾ ಕುಡೀರಿ ಅಂದ್ರೆ ಬೇಡ ಬೇಡ ಅಂತ ಎಂಟು ಸಲ ಅಂದ್ರು. ಎಂಥ ಸಂಕೋಚ! ನಾನು ಬಿಡ್ತೀನಾ? ಹತ್ತರ ಚಹಾ ಕೊಡದೆ ಕೆಲಸ ಮಾಡಿಸಿದ್ರು ಅಂತ ನಮ್ಮ ಬೀದಿಗೆ ಕೆಟ್ಟ ಹೆಸರು ಬರ್ಬೇಕಾ? ಲಾರಿ ಮುಂದೆ ಹೋಗಿ ನಿಂತೇಬಿಟ್ಟೆ!"

ನನಗೆ ಎಲ್ಲ ಅರ್ಥವಾಯಿತು. ಸೈರನ್ನಿನ ಕಾಟ ತಾಳಲಾರದೆ ಚಿನಾತ್ಸು ನನಗೆ ಹೇಳದೆ ಮೆಕ್ಯಾನಿಕ್ಕುಗಳನ್ನು ಕರೆಸಿದ್ದಾಳೆ. ಸಿಟ್ಟು ಬಂದರೂ ಬೀದಿಯ ಮುಂದೆ ಮರ್ಯಾದೆ ಕಾಪಾಡಬೇಕಲ್ಲ! ಇಬ್ಬರ ಮುಂದೆಯೂ ನಿಂತು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಸೊಂಟ ಬಗ್ಗಿಸಿದೆ.

"ತುಂಬಾ ಶ್ರಮ ಕೊಟ್ಟೆವು ನಿಮಗೆ," ಎಂದೆ.

ಎತ್ತರದವನಿಗೆ ಚಹಾ ನೆತ್ತಿಗೇರಿತು. "ಇಲ್ಲ ಇಲ್ಲ, ನಾವು ಹೊರಟ್ವಿ," ಎಂದು ಕೆಮ್ಮಿದ.

"ಅದು ಹೇಗೆ ಹೊರಡ್ತೀರಿ? ಸ್ಟಾರ್ಟೇ ಆಗಲ್ಲ ಅದು. ಹಿಂದಿನ ಸೀಟಿನ ಕೆಳಗೆ, ಎಡಗಡೆ, ಕಾರ್ಪೆಟ್ ಎತ್ತಿದ್ರೆ ಒಂದು ಗುಪ್ತ ಸ್ವಿಚ್ ಇದೆ. ಯಾರಿಗೂ ಹೇಳ್ಬೇಡಿ!" ಎಂದು ಪಿಸುಗುಟ್ಟಲು ಹೋದೆ. ಸೈರನ್ನಿನ ಗದ್ದಲದಲ್ಲಿ ಪಿಸುಗುಟ್ಟಿದ್ದು ಕೇಳಿಸದೆ, ಎರಡನೇ ಸಲ ಇಡೀ ಬೀದಿಗೆ ಕೇಳುವಂತೆ ಅರಚಿದೆ. "ಕೀ ಬೇಕಾ, ಕೀ?" ಎಂದು ಜೇಬಿನಿಂದ ತೆಗೆದು ಚಾಚಿದೆ. ಗಿಡ್ಡನೆಯವನ ಕೈ ತಾನಾಗಿ ಮುಂದೆ ಬಂತು.

ಆಗ ಚಿನಾತ್ಸು ನನ್ನ ತೋಳು ಹಿಡಿದಳು.

"ಅಂದಹಾಗೆ, ಇವರನ್ನ ಯಾವಾಗ ಕರೆದ್ರಿ?"

"ನಾನೆಲ್ಲಿ ಕರೆದೆ? ನೀನು ತಾನೇ ಕರೆಸಿದ್ದು?"

"ನಾನಾ?"

ಸರಿಯಾಗಿ ಅದೇ ಕ್ಷಣಕ್ಕೆ ಸೈರನ್ನಿನ ಬ್ಯಾಟರಿ ಸತ್ತಿತು. ಇಡೀ ಬೀದಿ ನಿಶ್ಶಬ್ದವಾಯಿತು. "ಹಾಗಾದ್ರೆ ಇವರು ಯಾರು?" ಎಂಬ ನನ್ನ ಹೆಂಡತಿಯ ಮಾತು ಹನ್ನೆರಡು ಮನೆಗಳವರಿಗೂ ಸ್ಪಷ್ಟವಾಗಿ ಕೇಳಿಸಿತು.

ಇಬ್ಬರೂ ಎದ್ದರು. ಕುಡಿದ ಬಟ್ಟಲುಗಳನ್ನು ತಟ್ಟೆಯ ಮೇಲೆ ಒಪ್ಪವಾಗಿ ಇಟ್ಟರು. ಅಜ್ಜಿಗೆ ತಲೆ ಬಾಗಿಸಿದರು. ಆಮೇಲೆ ಹಗ್ಗ ಕಳಚಿ, ಲಾರಿ ಹತ್ತಿ, ಬಾಣ ಬಿಟ್ಟಂತೆ ಹೋದರು! "ಅಯ್ಯೋ, ಒಣ ಪರ್ಸಿಮನ್ ಹಣ್ಣು ಮರೆತ್ರಲ್ಲಪ್ಪಾ!" ಎಂದು ಅಜ್ಜಿ ಪೊಟ್ಟಣ ಹಿಡಿದು ಹತ್ತು ಹೆಜ್ಜೆ ಓಡಿದರು.

ನಾನು ಟ್ರಕ್ಕಿನ ಟೈರನ್ನು ತಬ್ಬಿಕೊಂಡು, ಹೇಳಿದಂತೆಯೇ ಅತ್ತೆ. ಗಾಡಿ ಉಳಿದದ್ದಕ್ಕೆ ಅತ್ತದ್ದು, ನಾಚಿಕೆಗೂ ಸ್ವಲ್ಪ. ಅಡ್ಡಪಟ್ಟಿ, ಬೀಗ, ಸ್ವಿಚ್ಚು, ಸೈರನ್ನು ಯಾವುದರಿಂದಲೂ ತಡೆಯಲಾಗದ ಕಳ್ಳರನ್ನು ಒಂದು ಕೆಟಲು ಇಪ್ಪತ್ತು ನಿಮಿಷ ತಡೆದಿತ್ತು.

ಠಾಣೆಯಿಂದ ಸೈಕಲ್ಲಿನಲ್ಲಿ ಹಚಿಸುಕಾ ಎಂಬ ಪೊಲೀಸರೊಬ್ಬರು ಬಂದರು. ಎಲ್ಲ ಕೇಳಿಕೊಂಡು ಅಜ್ಜಿಯತ್ತ ತಿರುಗಿದರು.

"ಅಜ್ಜೀ, ಆ ಲಾರಿ ನಂಬರ್ ಬರ್ಕೊಂಡ್ರಾ?"

"ಅಷ್ಟು ಮರ್ಯಾದಸ್ಥರದ್ದು ಯಾಕಪ್ಪಾ ಬರ್ಕೊಳ್ಲಿ?" ಅಜ್ಜಿಗೆ ನೋವೇ ಆಯಿತು. "ಆದರೆ ಅನುಮಾನ ಬರೋ ಗಾಡಿಗಳದ್ದು ಬರೀದೆ ಬಿಟ್ಟಿಲ್ಲ. ಹನ್ನೊಂದು ವರ್ಷದ್ದು ಲೆಕ್ಕ ಇದೆ!" ಎಂದು ಏಪ್ರನ್ನಿನ ಜೇಬಿನಿಂದ ಒಂದು ಪುಸ್ತಕ ತೆಗೆದು ಕೊಟ್ಟರು.

ಹಚಿಸುಕಾ ಪುಟ ತಿರುವಿದರು. ಇನ್ನೊಂದು ತಿರುವಿದರು. ನಂತರ ಗಟ್ಟಿಯಾಗಿ ಓದಿದರು: "'ರಾಕ್ಷಸ ಟೈರು. ಬೆಳಗಿನ ಜಾವ ಹೊರಟು ಮೈಯೆಲ್ಲ ಕೆಸರಾಗಿ ಬಂತು. ಚಾಲಕ ಯಾರಿಗೂ ಮುಖ ಕೊಡುವುದಿಲ್ಲ. ಬಂದ ತಕ್ಷಣ ಗಾಡಿಯ ಕೆಳಗೆ ಅಡಗುತ್ತಾನೆ.' ಎಲ್ಲ ಪುಟದಲ್ಲೂ ಒಂದೇ ನಂಬರ್ ಇದೆಯಲ್ಲ ಅಜ್ಜೀ?"

ಅವರು ಪುಸ್ತಕದಿಂದ ತಲೆಯೆತ್ತಿ, ನಾನು ತಬ್ಬಿಕೊಂಡಿದ್ದ ಟ್ರಕ್ಕಿನ ನಂಬರ್ ಫಲಕವನ್ನು ಒಂದೊಂದೇ ಅಂಕೆಯಾಗಿ ಓದಿದರು. ನಂತರ ಟೊಪ್ಪಿ ಸರಿಮಾಡಿಕೊಂಡು ನನ್ನತ್ತ ಬಂದರು.

"ಸ್ವಲ್ಪ ಟೈರು ಬಿಟ್ಟು ಈಚೆ ಬನ್ನಿ ಸರ್. ಈ ಗಾಡಿ ನಿಮ್ಮದೇ ಅನ್ನೋದಕ್ಕೆ ಏನಾದ್ರೂ ಕಾಗದ ಇದೆಯಾ?"